ಮಗುಚಿ ಪಾಸಾದದ್ದು

ಅಮ್ಮಾ,

‘ನೀರಿಗೆ ಮುನಿಸಿಲ್ಲ’ ಎಂದೋ ‘ನೆನಪಿಲ್ಲ’ ಎಂದೋ, ನೀನು ಹೇಳಿಕೊಡುತ್ತಿದ್ದ ಪದ್ಯದ ಸಾಲು? ಮುನಿಸಿಲ್ಲ ಎನ್ನುವುದನ್ನು ನಾನಂತೂ ಒಪ್ಪಲಾರೆ. ನಿನ್ನನ್ನು ದೋಣಿಯಲ್ಲಿ ಕೂರಿಸಿಕೊಳ್ಳಲು ಕೆರೆಯ ದೋಣಿ ಕ್ಲಬ್ಬಿನವರ ಅಪ್ಪಣೆ ಸಿಗಬೇಕಾದರೆ, ಮೊದಲು ದೋಣಿ ಮಗುಚಿ, ನೀರಿನಿಂದಲೇ ಮತ್ತೆ ಹತ್ತಿ ತೋರಿಸಬೇಕಿತ್ತು. ಇಂದು ಮಗುಚಿದೆ. ಕೆರೆಯೆಲ್ಲ ಮೂಗಿಗೇ ಬಂತು! “ಹುಟ್ಟು ಬಿಡ್ಬೇಡಿ ಮೇಡಂ, ಕಾಲು ಬಡೀರಿ!” ಎಂದು ತರಬೇತುದಾರಳು ಕೂಗಿದಳು. ಎರಡು ಸಲ ಜಾರಿ, ಕೊನೆಗೆ ಹೊಟ್ಟೆಯ ಮೇಲೆ ತೆವಳಿ ದೋಣಿಯೊಳಗೆ ಬಿದ್ದೆ. ಪಾಸು!

ನೀನು ದಡದಿಂದಲೇ ನೋಡುತ್ತಿದ್ದ ನಡುಗಡ್ಡೆಗೆ ಭಾನುವಾರ ಹೋಗೋಣ. ಲೈಫ್ ಜಾಕೆಟ್‌ನಲ್ಲಿ ದಪ್ಪಗೆ ಕಾಣಿಸುತ್ತೇನೆಂದು ತಕರಾರು ತೆಗೆಯಬೇಡ. ನಡುವೆ ಎದ್ದು ನಿಲ್ಲಲೂಬೇಡ.

ನಿನ್ನ ಒದ್ದೆ ಮಗಳು

ಹೇಳಲು ಮರೆತೆ: ತೊಟ್ಟಿಕ್ಕುತ್ತ, ಹುಟ್ಟು ಹಿಡಿದು ಮನೆಗೆ ಬಂದಾಗ ಬಾಗಿಲಲ್ಲಿ ಪಕ್ಕದ ಮನೆಯಾಕೆ ಕಣ್ಣರಳಿಸಿದಳು: “ಏನಕ್ಕಾ, ಈ ವಯಸ್ಸಲ್ಲಿ ಹೊಸ ಹುಟ್ಟಾ!”