ರೇಷ್ಮೆಯ ಮೇಲಿನ ಎಡಗೆನ್ನೆ

ನವೆಂಬರ್ 11, 1975, ಮಂಗಳವಾರ

ಚರ್ಚಿನ ಆಲ್ಟರ್ ಪೀಠಕ್ಕೆ ಹಾಸುವ ಬಟ್ಟೆ ಎರಡು ಮುಗಿಯಿತು. ಮೂರನೆಯದರ ಅಂಚು ಪೂರ್ತಿ ಸವೆದಿದೆ, ಹೊಸ ಲೇಸ್ ಬೇಕು. ಮಿಷನ್ ಹೌಸ್‌ನ ಹೊಲಿಗೆ ಕೋಣೆಗೆ ಇನ್ನೂ ಹೀಟ್ ಬಿಟ್ಟಿಲ್ಲ. ಬೆರಳು ಮರಗಟ್ಟಿ ಸೂಜಿ ಎರಡು ಸಲ ಬಿತ್ತು. ಮಗಳು ನಿರುಪಮಾಳ ಸ್ಕೂಲ್ ಬಸ್ ಬರುವಷ್ಟರಲ್ಲಿ ಮನೆ ಸೇರಿದೆ. ನನಗೆ ಅನ್ನ, ಹುಳಿ. ಅವಳಿಗೆ ಗ್ರಿಲ್ಡ್ ಚೀಸ್.

ಸಂಜೆ ನ್ಯೂಯಾರ್ಕ್ ಕಡೆಯ ಜೆರಿಕೋದಿಂದ ಬದರೀನಾಥನ ಫೋನ್. ಇವರ ತಮ್ಮ, ಡಾಕ್ಟರು. ಮೈಸೂರಿಗೆ ಟ್ರಂಕ್ ಕಾಲ್ ಸಿಕ್ಕಿತಂತೆ. ನಾನು ಕಳಿಸಿದ ಇವರ ಫೋಟೋ ಅತ್ತೆಗೆ ತಲುಪಿದೆ.

"ಅತ್ತಿಗೆ, ಅಮ್ಮ ಒಂದೇ ಸಮ ಅಳ್ತಿದಾರೆ. ಅವನ ಮುಖಕ್ಕೆ ಏನಾಗಿತ್ತು, ಅರ್ಧ ಸುಟ್ಟು ಕರಕಲಾಗಿದೆಯಲ್ಲ, ನನ್ನ ಹತ್ರ ಯಾಕೆ ಮುಚ್ಚಿಟ್ರಿ ಅಂತ."

"ಅದು ನೆರಳು ಕಣಪ್ಪಾ."

"ನಾನೂ ಅದನ್ನೇ ಕಿರುಚಿದೆ. ನೆರಳಮ್ಮಾ, ನೆರಳು! ಅಷ್ಟರಲ್ಲಿ ಆಪರೇಟರ್ ಮಧ್ಯೆ ಬಂದು, ಟೈಮ್ ಆಯ್ತು ಅಂದ. ಹಾರ್ಟ್ ಅಟ್ಯಾಕ್ ಅನ್ನೋದನ್ನೇ ಈಗ ನಂಬ್ತಿಲ್ಲ ಅವರು. ಏನೋ ಬೆಂಕಿ ಅನಾಹುತ ಅಂತ ತೀರ್ಮಾನ ಮಾಡಿಬಿಟ್ಟಿದಾರೆ."

ಇವರು ಹೋದದ್ದು ಡ್ರೈವ್‌ವೇಯಲ್ಲಿ ಸ್ನೋ ಎತ್ತುತ್ತಾ, ಕಳೆದ ಫೆಬ್ರವರಿಯಲ್ಲಿ. ಮುಖ ಸ್ವಲ್ಪವೂ ಕೆಟ್ಟಿರಲಿಲ್ಲ. ಆದರೆ ದಹನ, ಕರ್ಮ ಎಲ್ಲ ಇಲ್ಲೇ ಮುಗಿಯಿತು. ಅತ್ತೆ ನೋಡಲಿಲ್ಲ.

ನವೆಂಬರ್ 13

ಬೇರೆ ಫೋಟೋ ಹುಡುಕಿದೆ. ಆಲ್ಬಮ್ ತುಂಬ ನಾನು, ನಿರುಪಮಾ, ನಯಾಗರ, ಹೊಸ ಕಾರು. ಯಾವಾಗಲೂ ಕ್ಯಾಮೆರಾ ಹಿಡಿಯುತ್ತಿದ್ದವರು ಇವರೇ. ಹಾಗಾಗಿ ಇವರಿಲ್ಲ. ಮದುವೆಯ ಫೋಟೋ ಇದೆ, ಅದರಲ್ಲಿ ಬಡಕಲು ಹುಡುಗ. ಪಾಸ್‌ಪೋರ್ಟಿನದು ಹತ್ತು ವರ್ಷದ ಹಿಂದಿನದು. ಕಸ್ಟಮ್ಸ್‌ನವನು ಗದರಿಸಿದ ಹಾಗೆ ಕಣ್ಣು ಬಿಟ್ಟಿದ್ದಾರೆ. ಆಗ ಕೆನ್ನೆ ತುಂಬಿರಲಿಲ್ಲ.

ಸರಿಯಾಗಿರುವುದು ಇದೊಂದೇ. ಪಾರ್ಸಿಪನಿ ಕಡೆ ಕೆರೆ ಹತ್ತಿರ ಪಿಕ್‌ನಿಕ್ ಹೋದಾಗ, "ನೀನೂ ಒಂದು ತೆಗಿ, ಏನೂ ಆಗಲ್ಲ" ಎಂದು ಕ್ಯಾಮೆರಾ ಕೊಟ್ಟರು. ಸೂರ್ಯ ನನ್ನ ಬೆನ್ನಿಗಿದ್ದ. ಬಟನ್ ಒತ್ತಿದೆ. ನನ್ನ ತಲೆಯ ನೆರಳು ಅವರ ಮುಖದ ಎಡಭಾಗಕ್ಕೆ ಬಿದ್ದಿದೆ. ಕಣ್ಣಿಂದ ಗದ್ದದವರೆಗೆ ಕಪ್ಪು.

ಬಲಭಾಗದಲ್ಲಿ ನಗುತ್ತಿದ್ದಾರೆ. ಎಡಭಾಗದಲ್ಲೂ ನಗುತ್ತಲೇ ಇದ್ದಿರಬೇಕು.

ನವೆಂಬರ್ 20, ಗುರುವಾರ

ಫೋಟೋ ಪರ್ಸಿನಲ್ಲೇ ಇತ್ತು. ಲೇಸ್ ಅಳತೆಗೆಂದು ಬ್ರದರ್ ಆಂಬ್ರೋಸ್ ಕೋಣೆಗೆ ಬಂದರು. ಮಿಷನ್ನಿನ ಸನ್ಯಾಸಿ, ಇಟಲಿಯವರು, ಮುದುಕರು. ಚಿಕ್ಕ ವಯಸ್ಸಿನಲ್ಲಿ ಚೀನಾಕ್ಕೆ ಹೋಗಿ, ಕಮ್ಯುನಿಸ್ಟರು ಅಲ್ಲಿಂದ ಹೊರಗೆ ಹಾಕುವವರೆಗೂ ಮಿಷನ್ ಶಾಲೆಯಲ್ಲಿ ಚಿತ್ರ ಕಲಿಸಿದವರು. ಈಗಲೂ ಮೇಲಿನ ಕೋಣೆಯಲ್ಲಿ ರೇಷ್ಮೆಯ ಮೇಲೆ ಬರೆಯುತ್ತಾರೆ. ಅವರ ಇಂಗ್ಲಿಷ್ ನಿಧಾನ, ನನಗೆ ಅರ್ಥವಾಗುತ್ತದೆ. ಫೋಟೋ ತೋರಿಸಿ ಅತ್ತೆಯ ಮಾತು ಹೇಳಿದೆ. ಯಾಕೆ ಹೇಳಿದೆನೋ.

ಅವರು ನಕ್ಕರು. ನಗು ನಿಲ್ಲಲೇ ಇಲ್ಲ. ನನಗೆ ಸಿಟ್ಟು ಬಂತು.

"ಕ್ಷಮಿಸಮ್ಮಾ," ಎಂದರು. "ನಿನ್ನ ಅತ್ತೆ ಚೀನಾದ ಚಕ್ರವರ್ತಿ. ಅವನೂ ಇದನ್ನೇ ಹೇಳಿದ್ದು."

ಆಮೇಲೆ ಹೇಳಿದ್ದು ಇಷ್ಟು ತಿಳಿಯಿತು. ಇನ್ನೂರು ವರ್ಷಕ್ಕೂ ಹಿಂದೆ ಇಟಲಿ, ಫ್ರಾನ್ಸಿನ ಬ್ರದರ್‌ಗಳು ಪೀಕಿಂಗ್ ಅರಮನೆಗೆ ಹೋದರು. ಹೋದದ್ದು ಏಸುವಿನ ಮಾತು ಹೇಳಲು. ಚಕ್ರವರ್ತಿಗೆ ಬೇಕಾದದ್ದು ಅವರ ಕೈ. ತಮ್ಮ ದೇಶದಲ್ಲಿ ಕಲಿತಂತೆ ಮುಖದ ಒಂದು ಕಡೆ ಬೆಳಕು, ಒಂದು ಕಡೆ ಕತ್ತಲೆ ಇಟ್ಟು ಬರೆದರು. ಅಲ್ಲಿನವರಿಗೆ ಅದು ಕೊಳೆ, ಮಸಿ. ನನ್ನ ಮುಖ ಅರ್ಧ ಕಪ್ಪಾ? ಎಂದನಂತೆ ಚಕ್ರವರ್ತಿ. ಎಣ್ಣೆಬಣ್ಣ ಬಿಟ್ಟು ನೀರಿನ ಬಣ್ಣ ಹಿಡಿಯಿರಿ ಎಂದು ಅಪ್ಪಣೆ. ಹಾಗೇ ಕಲಿತರು. ಎಲ್ಲ ಕಡೆಯಿಂದಲೂ ಬೆಳಕು ಬಿದ್ದ ಮುಖ, ನೇರ ಎದುರಿಗೆ. ಆದರೂ ಮೂಗು ಉಬ್ಬಿ ಕಾಣಬೇಕು, ಕೆನ್ನೆ ದುಂಡಗಿರಬೇಕು. ಮುಖ ಈ ಬ್ರದರ್‌ಗಳು ಬರೆದರೆ ಉಡುಪು, ಬಂಡೆ, ಮರ ಚೀನೀ ಚಿತ್ರಗಾರರು ಬರೆಯುತ್ತಿದ್ದರು. ಒಂದೇ ರೇಷ್ಮೆ, ಎರಡು ಊರಿನ ಕೈ.

"ಧರ್ಮ ಹೇಳೋಕೆ ಹೋದವರು ಚಕ್ರವರ್ತಿಯ ಕುದುರೆಗಳ ಚಿತ್ರ ಬರೆದು ಬರೆದು ಅಲ್ಲೇ ತೀರಿಕೊಂಡರು," ಎಂದರು.

"ಪಾಪ," ಎಂದೆ.

"ಪಾಪವೋ, ಪುಣ್ಯವೋ. ನನಗೆ ಇವತ್ತಿಗೂ ಗೊತ್ತಿಲ್ಲ."

ಫೋಟೋ ಕಿಟಕಿಗೆ ಹಿಡಿದು ನೋಡಿದರು. ನೆರಳು ತೆಗೆದು ಬರೆದುಕೊಡುತ್ತೇನೆ, ಅತ್ತೆಗೆ ಕಳಿಸು ಎಂದರು. ತಲೆಯಾಡಿಸಿದೆ. ಮನೆಗೆ ಬಂದಮೇಲೆ ಭಯ. ಒಂದು ಸಲ ರೇಷ್ಮೆಯ ಮೇಲೆ ಬಂದದ್ದೇ ಇನ್ನು ಇವರ ಮುಖ. ನಿರುಪಮಾಗೆ ಹನ್ನೊಂದು. ದೊಡ್ಡವಳಾದಾಗ ಅವಳಿಗೆ ಉಳಿಯುವುದು ಅದೇ. ತಪ್ಪಾಗಿದ್ದರೆ?

ಡಿಸೆಂಬರ್ 9

ಮೇಲಿನ ಕೋಣೆಯಲ್ಲಿ ಕೂರಿಸಿದರು. ಬಲಗಡೆ ಬರೆದಾಗಿದೆ. ಎಡಗಡೆ ಬರೀ ರೇಷ್ಮೆ.

"ಹೇಳು. ಇಲ್ಲಿ ಏನಿತ್ತು?"

ಫೋಟೋ ತೆಗೆದು ನೋಡಿದೆ. ಅಲ್ಲಿ ಕಪ್ಪು, ಅಷ್ಟೇ.

"ಹುಬ್ಬು ಇನ್ನೊಂದರ ಹಾಗೇ ಇತ್ತಾ? ಮಚ್ಚೆ? ಗಾಯದ ಕಲೆ? ನಕ್ಕಾಗ ಗುಳಿ?"

ಹದಿಮೂರು ವರ್ಷದ ಸಂಸಾರ, ಒಂದೂ ನೆನಪಿಲ್ಲ. ಬಲದ್ದನ್ನೇ ತಿರುಗಿಸಿ ಬರೆಯಬಹುದಲ್ಲ ಎಂದೆ. ಅವರು ಒಪ್ಪಲಿಲ್ಲ. ಯಾರ ಮುಖವೂ ಎರಡು ಕಡೆ ಒಂದೇ ಇರುವುದಿಲ್ಲ, ಹಾಗೆ ಬರೆದರೆ ಗೊಂಬೆ ಆಗುತ್ತದೆ ಎಂದರು.

ಮನೆಗೆ ಬಂದು ನಿರುಪಮಾಳನ್ನು ಕೇಳಿದೆ. "ಡ್ಯಾಡ್ಸ್ ಲೆಫ್ಟ್ ಸೈಡ್? ಐ ಡೋಂಟ್ ನೋ, ಅಮ್ಮಾ. ಇಟ್ ವಾಸ್ ಜಸ್ಟ್ ಡ್ಯಾಡ್." ಆಮೇಲೆ ಅವಳಿಗೆ ಅಳು. ಕೇಳಬಾರದಿತ್ತು.

ಡಿಸೆಂಬರ್ 10

ಕಣ್ಣು ಮುಚ್ಚಿದರೆ ಅವರ ಶರಟು ಬರುತ್ತದೆ, ಚಪ್ಪಲಿ ಬರುತ್ತದೆ, ಕೆಮ್ಮು ಬರುತ್ತದೆ. ಎಡಗೆನ್ನೆ ಬರುವುದಿಲ್ಲ. ನಾನೇನು ನೋಡುತ್ತಿದ್ದೆ ಇಷ್ಟು ವರ್ಷ?

ಜನವರಿ 17, 1976, ಶನಿವಾರ

ಒಂದು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಅತ್ತೆಯಿಂದ ಇನ್ನೆರಡು ಸಲ ಅದೇ ಮಾತು. ಸುಟ್ಟ ಮುಖ ಕನಸಿಗೆ ಬರುತ್ತಿದೆಯಂತೆ, ಊಟ ಬಿಟ್ಟಿದ್ದಾರಂತೆ. ಮಾಘದ ತಿಥಿಯೊಳಗೆ ಚಿತ್ರ ಅಲ್ಲಿರಬೇಕು.

ಬ್ರದರ್ ಉಪಾಯ ಹೇಳಿದರು. ಚೀನಾದಲ್ಲಿ ಸತ್ತವರ ಚಿತ್ರ ಬರೆಯುವವನು ಮನೆಯವರನ್ನೆಲ್ಲ ಎದುರಿಗೆ ಕೂರಿಸುತ್ತಿದ್ದನಂತೆ. ಮೂಗು ಮಗನದು, ಹುಬ್ಬು ತಂಗಿಯದು, ಹೀಗೆ ಕೂಡಿಸುವುದು. ನಿನ್ನ ಗಂಡನಿಗೆ ತಮ್ಮನಿದ್ದಾನಲ್ಲ?

ಬದರೀನಾಥ ಇವತ್ತು ಜೆರಿಕೋದಿಂದ ಡ್ರೈವ್ ಮಾಡಿಕೊಂಡು ಬಂದ. ಟೈ ಕಟ್ಟಿ ಬಂದಿದ್ದ. ಹೆಂಡತಿ ಮಾಧವಿಯೂ ಬಂದಳು. ಮುದುಕರು ಅವನನ್ನು ಕಿಟಕಿ ಎದುರು ಕೂರಿಸಿ, ಗದ್ದ ಹಿಡಿದು ಮುಖ ತಿರುಗಿಸಿದರು.

"ಮೆಡಿಕಲ್ ಕಾಲೇಜಲ್ಲಿ ಹೆಣ ನೋಡಿ ಬದುಕಿರೋರ ಬಗ್ಗೆ ಕಲಿತ್ವಿ," ಎಂದ ಬದರೀನಾಥ. "ಇಲ್ಲಿ ಉಲ್ಟಾ."

"ಸ್ವಲ್ಪ ಬಾಯಿ ಮುಚ್ಚಿ, ಅಕ್ಕ ಇದಾರೆ," ಎಂದಳು ಮಾಧವಿ.

ಅವನ ಮುಖ ಕೆಂಪಾಯಿತು. "ಸಾರಿ, ಅತ್ತಿಗೆ. ಸುಮ್ಮನೆ ಕೂತಿದ್ರೆ ನಂಗೆ ಅಣ್ಣನೇ ಜ್ಞಾಪಕ ಬರ್ತಾನೆ. ಅದಕ್ಕೆ ಮಾತಾಡ್ತೀನಿ."

ಕುಂಚ ಓಡುತ್ತಿತ್ತು. ನೀರಿನ ಹಾಗೆ ತೆಳುವಾದ ಬಣ್ಣ, ಒಂದರ ಮೇಲೊಂದು. ಕಪ್ಪು ಎಲ್ಲೂ ಇಲ್ಲ. ಆದರೂ ಕೆನ್ನೆ ದುಂಡಗಾಗುತ್ತಾ ಬಂತು. ನನ್ನ ನೆರಳು ಬಿದ್ದಿದ್ದ ಜಾಗದಲ್ಲಿ ಬೆಳಕು ತುಂಬಿಕೊಂಡಿತು. ನೋಡಲಾಗದೆ ಕೆಳಗೆ ಬಂದು ಲೇಸ್ ಹೊಲಿದೆ.

ಜನವರಿ 24

ಮುಗಿಯಿತು. ನೇರ ಎದುರಿಗೆ ನೋಡುತ್ತಿದ್ದಾರೆ. ಬೂದು ಕೋಟು. ಮುಖದ ತುಂಬ ಬೆಳಕು, ಹಗಲೂ ಅಲ್ಲ ರಾತ್ರಿಯೂ ಅಲ್ಲ ಅನ್ನುವ ಹಾಗೆ.

ಚೆನ್ನಾಗಿದೆ. ಇವರೇ. ಇವರಲ್ಲ. ಮತ್ತೆ ನೋಡಿದರೆ ಇವರೇ.

ನಿರುಪಮಾ ತಲೆ ಓರೆ ಮಾಡಿ ನೋಡಿದಳು. "ಇಟ್ಸ್ ನೈಸ್. ಬಟ್ ದಟ್ಸ್ ಹಾಫ್ ಚಿಕ್ಕಪ್ಪ."

"ಸುಮ್ನಿರೇ," ಎಂದೆ. ಬ್ರದರ್‌ಗೆ ಕೇಳಿಸಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಎರಡು ಕೈ ಒಂದು ಚಿತ್ರ ಬರೆದರೆ ಹೊಲಿಗೆ ಎಲ್ಲೋ ಕಾಣುತ್ತದೆ. ಮಕ್ಕಳಿಗೆ ಬೇಗ ಕಾಣುತ್ತದೆ," ಎಂದರು. ಸುರುಳಿ ಸುತ್ತಿ ಏರ್‌ಮೇಲ್‌ನಲ್ಲಿ ಮೈಸೂರಿಗೆ ಕಳಿಸಿದೆವು.

ಫೆಬ್ರವರಿ 3

ಹೆದರಿದ್ದೇ ಆಯಿತು. ಕಣ್ಣು ಮುಚ್ಚಿದರೆ ಈಗ ಬರುವುದು ರೇಷ್ಮೆಯ ಮುಖ. ಕೆರೆ ಹತ್ತಿರದ ನಗು ಬರುವುದಿಲ್ಲ. ಬ್ರದರ್‌ಗೆ ಹೇಳಿದೆ, ನೆರಳು ಇರುವ ಹಾಗೇ ನನಗೊಂದು ಬರೆದುಕೊಡಿ ಎಂದು. ಕಾಗದದ ಮೇಲೆ ಇದ್ದಿಲು ಹಿಡಿದು ಬಹಳ ಹೊತ್ತು ಒದ್ದಾಡಿದರು. ಕೊನೆಗೆ ತೋರಿಸಿದರು. ಕೆನ್ನೆಗೆ ಮಸಿ ಮೆತ್ತಿದ ಹಾಗಿತ್ತು.

"ಚಿಕ್ಕಂದಿನಲ್ಲಿ ಟುರಿನ್‌ನಲ್ಲಿ ಮೊದಲು ಕಲಿತದ್ದು ಇದನ್ನೇ," ಎಂದರು. "ಈಗ ನನ್ನ ಕಣ್ಣಿಗೂ ಕೊಳೆಯ ಹಾಗೇ ಕಾಣುತ್ತದೆ. ನಾನು ಚೀನಾದವರಿಗೆ ಕಲಿಸಲು ಹೋಗಿದ್ದೆ, ನೋಡು."

ಕಾಗದ ಮಡಿಸಿ ಬುಟ್ಟಿಗೆ ಹಾಕಿದರು. ಸಮಾಧಾನ ಹೇಳಬೇಕಾದದ್ದು ನಾನೋ, ಅವರೋ, ತಿಳಿಯಲಿಲ್ಲ.

ಫೆಬ್ರವರಿ 13, ಶುಕ್ರವಾರ. ಜೆರಿಕೋ

ವರ್ಷದ ತಿಥಿ ತಾರೀಖಿಗಿಂತ ಬೇಗ ಬಂತು. ಗಂಡುಮಕ್ಕಳಿಲ್ಲ, ತಮ್ಮನೇ ಮಾಡಿದ. ಮಂತ್ರ ಹೇಳಲು ಗುರುರಾಜರು ಬಂದಿದ್ದರು. ಯಾವುದೋ ಲ್ಯಾಬ್‌ನಲ್ಲಿ ಕೆಲಸ, ತಂದೆಯಿಂದ ಕಲಿತದ್ದು ಮರೆತಿಲ್ಲ. ಸ್ಮೋಕ್ ಅಲಾರ್ಮ್ ಬಿಚ್ಚಿಟ್ಟು ಫ್ಯಾಮಿಲಿ ರೂಮಿನಲ್ಲಿ ಹೋಮ.

ಮಧ್ಯೆ ಮೈಸೂರಿನ ಫೋನ್. ಅತ್ತೆಯ ದನಿ ಸಮುದ್ರದ ಅಡಿಯಿಂದ ಬಂದ ಹಾಗೆ.

"ಬಂತು ಕಣೇ ಪಂಕಜಾ, ಚಿತ್ರ ಬಂತು. ಸುಟ್ಟಿಲ್ಲ. ನನ್ನ ದಿವಾಕರ ಹಾಗೇ ಇದಾನೆ. ಅದೇ ಗಲ್ಲ."

"ಊಟ ಮಾಡಿದ್ರಾ?"

"ಮಾಡಿದೆ. ನೀನು ಅಳಬೇಡ."

ಅವರಿಗೆ ಮಗ ಸಿಕ್ಕಿದ. ಸಂತೋಷವಾಯಿತು, ಸುಳ್ಳಲ್ಲ.

ಇದನ್ನು ಬರೆಯಬಾರದೇನೋ. ಹೋಮದ ಹೊತ್ತಿನಲ್ಲಿ ನಾನು ಕೂತ ಜಾಗಕ್ಕೆ ಬದರೀನಾಥನ ಎಡಗೆನ್ನೆ ಕಾಣುತ್ತಿತ್ತು. ಚಿತ್ರದ್ದೇ. ಅಂದರೆ ಇವರದೇ. ಕಣ್ಣು ತೆಗೆಯಲಾಗಲಿಲ್ಲ. ಉಸಿರಾಡುತ್ತಿದೆ, ಹೊಗೆಗೆ ಕಣ್ಣು ಕಿರಿದಾಗುತ್ತಿದೆ. ಮುಟ್ಟಿದರೆ ಬೆಚ್ಚಗಿರುತ್ತದೆ ಎಂದು ಮನಸ್ಸಿಗೆ ಬಂತು. ಥೂ.

"ಏನಕ್ಕಾ, ಅವರನ್ನೇ ನೋಡ್ತಿದೀರಾ?" ಮಾಧವಿ ಕಿವಿಯಲ್ಲಿ. "ಜನಿವಾರ ಎಡಕ್ಕಿದೆಯಾ ಬಲಕ್ಕಿದೆಯಾ ಅಂತಾನಾ? ನಂಗೂ ಅದೇ ಡೌಟು."

ನಕ್ಕೆ. ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ. ಇದು ಯಾರ ಮೇಲಿನ ಆಸೆ? ಯಾರ ಮೇಲೂ ಅಲ್ಲವೋ, ಇವರ ಮೇಲೇನೋ... ಆ ಕೆನ್ನೆ ಇನ್ನು ಯಾರದು?

ಫೆಬ್ರವರಿ 15, ಭಾನುವಾರ

ಬದರೀನಾಥ ಡ್ರೈವ್ ಮಾಡಿ ನಮ್ಮೂರು ಓಲ್ಡ್ ಬ್ರಿಡ್ಜ್‌ಗೆ ಬಿಟ್ಟುಹೋದ. ಮಾಧವಿಗೆ ಶೀತ, ಬರಲಿಲ್ಲ. ನಾನು ಮುಂದೆ ಕೂರಬೇಕಾಯಿತು. ನಿರುಪಮಾ ಹಿಂದೆ, ನನ್ನ ಸೀಟಿಗೆ ತಲೆ ಆನಿಸಿಕೊಂಡು.

ಕೈ ಮಡಿಚಿ ಕಿಟಕಿಯನ್ನೇ ನೋಡುತ್ತಿದ್ದೆ. ತಿರುಗಲು ಹೆದರಿಕೆ. ದೊಡ್ಡ ಸೇತುವೆ ಏರಿದಾಗ ಗಾಳಿಗೆ ಕಾರು ಜೋಲಿ ಹೊಡೆಯಿತು, ತಿರುಗಿಬಿಟ್ಟೆ.

ಇವರಲ್ಲ. ಒಂದು ಚೂರೂ ಅಲ್ಲ. ಬೇರೆ ಯಾರೋ ಗಂಡಸು ಸ್ಟಿಯರಿಂಗ್ ಹಿಡಿದು ಕೂತಿದ್ದ. ಅನುಮಾನವೇ ಬರಲಿಲ್ಲ.

ಯಾಕೆ ಎಂದು ಯೋಚಿಸುತ್ತಿದ್ದಂತೆ ಟರ್ನ್‌ಪೈಕ್ ಹೆದ್ದಾರಿ ದಾಟಿತು. ಆಮೇಲೆ ಹೊಳೆಯಿತು. ಈ ದೇಶದಲ್ಲಿ ಡ್ರೈವರ್ ಎಡಕ್ಕೆ. ನಾನು ಅವರ ಬಲಕ್ಕೆ. ಬಂದಾಗಿನಿಂದ ದಿನಸಿಗೆ, ದೇವರ ಪೂಜೆಗೆ, ಡಾಕ್ಟರಲ್ಲಿಗೆ, ಕೆರೆಗೆ. ಮನೆಯಲ್ಲಿ ನನ್ನ ಕಣ್ಣು ಒಲೆಯ ಮೇಲೆ, ಅವರ ಕಣ್ಣು ಟೀವಿಯ ಮೇಲೆ. ಅವರನ್ನು ಕೂತು ನೋಡಿದ್ದು ಕಾರಿನಲ್ಲಿ ಮಾತ್ರ. ಎಡಗೆನ್ನೆಯನ್ನು ನಾನು ಮರೆತಿಲ್ಲ. ಅದು ನನ್ನ ಪಾಲಿಗೆ ಬಂದೇ ಇರಲಿಲ್ಲ.

ಮನೆ ಬಂದಾಗ ಬದರೀನಾಥ ಕೇಳಿದ, "ಅತ್ತಿಗೆ, ಆರಾಮಾ? ದಾರಿಯುದ್ದಕ್ಕೂ ಮಾತಿಲ್ಲ."

"ಆರಾಮ. ಕಾಫಿ ಕುಡಿದುಕೊಂಡು ಹೋಗು," ಎಂದೆ. ಮುಖ ನೋಡಿಯೇ ಹೇಳಿದೆ. ಮೈದುನನ ಮುಖ, ಅಷ್ಟೇ.

ಫೆಬ್ರವರಿ 17, ಮಂಗಳವಾರ

ಬ್ರದರ್ ಆಂಬ್ರೋಸ್‌ಗೆ ಹೇಳಿದೆ. ಇನ್ನೊಂದು ಬೇಕು. ಎದುರಿನಿಂದ ಅಲ್ಲ, ಪಕ್ಕದಿಂದ. ಕಾರಿನಲ್ಲಿ ನಾನು ಕೂತ ಸೀಟಿನಿಂದ.

"ಬರೀ ಬಲಗಡೆ?"

"ಬರೀ ಬಲಗಡೆ."

"ಚಕ್ರವರ್ತಿ ಒಪ್ಪುತ್ತಿರಲಿಲ್ಲ. ಅರ್ಧ ಮುಖ ಎಲ್ಲಿ ಹೋಯಿತು ಎನ್ನುತ್ತಿದ್ದ."

"ಚಕ್ರವರ್ತಿಗೆ ಒಂದು ಕಳಿಸಿ ಆಯಿತಲ್ಲ. ಇದು ನನಗೆ."

ಮುದುಕರು ನನ್ನನ್ನೇ ನೋಡಿದರು. ನಾಳೆ ಬಾ, ಬಂದು ನೀನು ಹೇಳು, ನಾನು ಬರೆಯುತ್ತೇನೆ, ಫೋಟೋ ಬೇಡ ಎಂದರು.

ನಾಳೆ ಗಾಬರಿಯಲ್ಲಿ ತಪ್ಪಬಾರದು ಎಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ನಿರುಪಮಾ ಹೋಮ್‌ವರ್ಕ್ ಬಿಟ್ಟು ಪಕ್ಕದಲ್ಲಿ ಕೂತಿದ್ದಾಳೆ. ಇಂಗ್ಲಿಷ್ ಮಾಡಿಕೊಡುತ್ತಾಳೆ.

ಕನ್ನಡಕದ ಕಡ್ಡಿ ಕಿವಿಯ ಮೇಲೆ ಒತ್ತಿ ಒತ್ತಿ ಆದ ಗೀರು. ಕಿವಿಯ ಪಕ್ಕದ ಕೂದಲು ನರೆತದ್ದು, ಮುಂದೆ ಕಪ್ಪು. ಶೇವ್ ಮಾಡುವಾಗ ದವಡೆಯ ಕೆಳಗೆ ಪ್ರತಿದಿನ ಬಿಟ್ಟುಹೋಗುವ ಒಂದಿಷ್ಟು ಜಾಗ. ಮೂಗಿನ ಬೆನ್ನಿನ ಸಣ್ಣ ಉಬ್ಬು. ಲೇನ್ ಬದಲಿಸುವಾಗ ತುಟಿ ಒಳಗೆಳೆದುಕೊಳ್ಳುವುದು. ಎಕ್ಸಿಟ್ ತಪ್ಪಿದರೆ ಕೆನ್ನೆಯ ಮೂಳೆ ಕುಣಿಯುವುದು. ನಾನು ಏನಾದರೂ ಹೇಳಿದಾಗ ತಿರುಗದೆಯೇ, ಈ ಒಂದು ಕಡೆಯಲ್ಲೇ ನಗುವುದು. ಆಗ ಕಣ್ಣಿನ ತುದಿಯಲ್ಲಿ ಮೂರು ಗೆರೆ, ಮಧ್ಯದ್ದು ಉದ್ದ.

"ಅಮ್ಮಾ, ವೇಟ್, ಯು ಫರ್ಗಾಟ್ ಒನ್," ಎನ್ನುತ್ತಿದ್ದಾಳೆ. ಹಿಂದಿನ ಸೀಟಿನಿಂದ ಅವಳಿಗೆ ಕಾಣುತ್ತಿದ್ದದ್ದು. ಕಿವಿಯ ಹಿಂದೆ, ಕೂದಲು ಮುಗಿಯುವ ಕಡೆ, ಒಂದು ಪುಟ್ಟ ಮಚ್ಚೆ.