ಈ ಸಲ ಹರ್ನಿಯಾ ಅಲ್ಲ

ರೀ,

ನನ್ನ ಪಾಳಿ ಬೇಗ ಇದೆ, ಅದಕ್ಕೆ ಎಬ್ಬಿಸಲಿಲ್ಲ. ಸಡಿಲವಾದ ಪ್ಯಾಂಟು ಕುರ್ಚಿಯ ಮೇಲಿದೆ. ಆ ಪಂಪನ್ನು ಇನ್ನೊಂದು ಸಲ ಒತ್ತಿ ನೋಡಲು ಹೋಗಬೇಡಿ. ನೋವು ಹೆಚ್ಚಾಗಿದ್ದರೆ ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಿ.

ಹಿಂದಿನ ಸಲ, ಕೇಳಿದವರಿಗೆಲ್ಲ ಹರ್ನಿಯಾ ಆಪರೇಷನ್ ಎನ್ನೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ನರ್ಸ್ ಏನು ತೊಂದರೆ ಎಂದಾಗಲೂ ನಾನು ಹರ್ನಿಯಾ ಎನ್ನಲು ಬಾಯಿ ತೆರೆದಿದ್ದೆ. ನೀವು ಅಷ್ಟು ಜನರ ಮುಂದೆ, ನಿಮ್ಮ ಬಸ್ ಡಿಪೋದಲ್ಲಿ ಕೆಟ್ಟ ಬಸ್ಸಿನ ಬಗ್ಗೆ ಹೇಳುವ ಹಾಗೆ, "ಶಿಶ್ನದೊಳಗೆ ಪಂಪ್ ಒತ್ತಿದ್ರೆ ಏಳೋ ಇಂಪ್ಲಾಂಟ್ ಹಾಕಿದ್ರಲ್ಲ ಸಿಸ್ಟರ್, ವರ್ಷ ತುಂಬೋ ಮೊದ್ಲೇ ಕೈಕೊಟ್ಟಿದೆ. ಬಸ್ಸು ಹಳೇದು, ಹೊಸ ಪಾರ್ಟೇ ಮೊದ್ಲು ಹೋಯ್ತು ನೋಡಿ" ಎಂದಿರಿ. ನಾನು ನೆಲ ನೋಡುತ್ತಿದ್ದೆ. ಅಷ್ಟು ಹೊತ್ತು ಮೂಲೆಯಲ್ಲಿ ಮುದುಡಿ ಕೂತಿದ್ದವರೊಬ್ಬರು ನಿಮ್ಮ ಪಕ್ಕಕ್ಕೆ ಬಂದು, "ಅಣ್ಣಾ, ನಂದೂ ಅದೇ ಕಥೆ" ಎಂದಾಗ ತಲೆ ಎತ್ತಿದೆ. ಇವರು ನನ್ನ ಗಂಡ ಎಂದು ಎಲ್ಲರಿಗೂ ಹೇಳಬೇಕೆನಿಸಿತು.

ಮತ್ತೆ ಆಪರೇಷನ್ ಬೇಕೋ ಬೇಡವೋ ನೀವೇ ಯೋಚಿಸಿ. ನನಗಾಗಿ ಎಂದು ಮಾತ್ರ ಒಪ್ಪಿಕೊಳ್ಳಬೇಡಿ. ನೀವು ಪಕ್ಕದಲ್ಲಿದ್ದರೆ ನನಗೆ ಸಾಕು. ಇದನ್ನು ರಾತ್ರಿಯೇ ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ.

ಅರ್ಧ ದಿನ ರಜೆ ಕೇಳಿ ನೇರ ಆಸ್ಪತ್ರೆಗೆ ಬರುತ್ತೇನೆ. ಯಾಕೆ ಎಂದು ಸೂಪರ್‌ವೈಸರ್ ಕೇಳಿದರೆ ಹರ್ನಿಯಾ ಎನ್ನುವುದಿಲ್ಲ.