ಮೂರನೇ ಒಂದು ಪಾಲು

ಲೈಪ್‌ಜಿಗ್, ಜುಲೈ

ಅಕ್ಕಾ,
ಪಕ್ಕದ ಮನೆಯ ಹೆಡ್ವಿಗ್ ಅಜ್ಜಿಯ ತೋಟದಲ್ಲಿ ಕೂತಿದ್ದೇನೆ. ಕೆಂಪು ಗಸಗಸೆ, ಹಳದಿ ಚೆಂಡುಹೂ, ನೀಲಿ ಗೊಂಚಲು. ಕಣ್ಣಿಗೆ ಹೂವು, ಎದೆಯೊಳಗೆ ಹಾವು. ಇದು ಇಲ್ಲಿನ ತೋಟಗಾರರ ಸಂಘ ಬಾಡಿಗೆಗೆ ಕೊಟ್ಟ ಜಾಗ; ಮೂರನೇ ಒಂದು ಪಾಲು ತರಕಾರಿ ಇರಲೇಬೇಕು, ಇಲ್ಲದಿದ್ದರೆ ತೋಟವನ್ನೇ ಕಿತ್ತುಕೊಳ್ಳುತ್ತಾರೆ. ಎಂಬತ್ತರ ವಯಸ್ಸಿನಲ್ಲಿ ಆಲೂಗಡ್ಡೆ ಸಾಕಾಗಿ ಅಜ್ಜಿ ಬರೀ ಹೂ ಹಾಕಿದ್ದಾಳೆ. ಬೆಳಿಗ್ಗೆ ಸಂಘದ ಅಧ್ಯಕ್ಷ ಅಳತೆಪಟ್ಟಿ ಹಿಡಿದು ಬಂದ.
“ತರಕಾರಿ ಎಲ್ರೀ?”
ಅಜ್ಜಿ ಚೆಂಡುಹೂ ಕಿತ್ತು ಅಗಿದಳು. “ಇದೇ!”
“ಹಾಗಾದ್ರೆ ಆ ನೀಲೀದೂ ತಿನ್ನಿ, ನೋಡೋಣ.”
ಅಜ್ಜಿ ಬಾಯೊರೆಸಿಕೊಂಡಳು.
“ಅದು ವಿಷ ಕಣಪ್ಪಾ, ನಿನಗೇಂತ ಬೆಳೆಸಿದ್ದು.”
ಅವನು ನಗಲಿಲ್ಲ. ತರಕಾರಿ ಹಾಕಲು ಹತ್ತು ದಿನ ಗಡುವು ಕೊಟ್ಟು ಹೋದ. ನನ್ನ ಮಂಡಿನೋವಿಗೆಂದು ನೀನು ಕಳಿಸಿದ ಮೆಂತ್ಯದ ಡಬ್ಬಿ ತಂದಿದ್ದೇನೆ. ನೋವು ಹಾಗೇ ಇದೆ, ಆದರೂ ಬಗ್ಗಿ ಹೂಗಳ ಸಂದಿನಲ್ಲೆಲ್ಲ ಬಿತ್ತಬೇಕು. ಹತ್ತು ದಿನದಲ್ಲಿ ಸೊಪ್ಪಾಗುತ್ತದಲ್ಲವೇ? ಆಗುತ್ತದೆ ಅಂತಲೇ ಬರೆ.
ನಿನ್ನ ತಂಗಿ ವತ್ಸಲೆ